ಒಂದೇ ಒಂದು ಹಿಡಿ ಲಾವಂಚ

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗ್ರಂಥಿಗೆ ಅಂಗಡಿಯವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದೆ. ಸುಮ್ಮಸುಮ್ಮನೆ ಅನ್ನುವುದು ನನ್ನ ಮಗಳು ಪಾರ್ವತಿಯ ಮಾತು, ನನ್ನದಲ್ಲ. ಅವಳು ಸೀಗೆಕಾಯಿ, ಅಂಟುವಾಳ ಅಂತ ಕೊಳ್ಳುತ್ತಾ ನಿಂತಿದ್ದಳು. ನಾನು ಚೀಲ ಹಿಡಿದುಕೊಂಡು, ಬಿಸಿಲಿಗೆ ಶಾಪ ಹಾಕುತ್ತಾ ಪಕ್ಕದಲ್ಲಿದ್ದೆ. ಅಂಗಡಿಯವನು ಮೂಲೆಯಲ್ಲಿದ್ದ ಗೋಣಿಚೀಲದ ಬಾಯಿ ಬಿಚ್ಚಿದ. ಒಳಗಿಂದ ಲಾವಂಚದ ಬೇರಿನ ವಾಸನೆ ಎದ್ದು ಬಂತು ನೋಡಿ, ನನಗೆ ಅಂಗಡಿ, ಬಜಾರು, ಬಿಸಿಲು ಎಲ್ಲಾ ಮರೆತೇ ಹೋಯಿತು.

"ತಗೊಳ್ಳಿ ಅಜ್ಜಿ, ಒಂದು ಕಟ್ಟು. ಕುಡಿಯೋ ನೀರಿಗೆ ಹಾಕಿಡಿ, ಮೈಯೆಲ್ಲಾ ತಂಪಾಗುತ್ತೆ" ಅಂದ.

"ಇದನ್ನ ಎಲ್ಲಿಂದ ಕಿತ್ತಿದ್ದಪ್ಪಾ?" ಅಂತ ಕೇಳಿದೆ.

"ಎಲ್ಲಿಂದಲೋ ಬರುತ್ತೆ ಅಜ್ಜಿ. ನಮಗೇನು ಗೊತ್ತು?"

"ಎಲ್ಲಿಂದಲೋ ಅಂದ್ರೆ? ಹೊಲದಲ್ಲಿ ಬೆಳೆದಿದ್ದಾ, ಇಲ್ಲಾ ಯಾವುದಾದ್ರೂ ಹೊಳೆ ದಡ ಬಗೆದು ತಂದಿದ್ದಾ? ಅದನ್ನೂ ಕೇಳದೆ ಮಾರೋಕೆ ಕೂತಿದ್ದೀಯಾ?"

ಅಷ್ಟರಲ್ಲಿ ಪಾರ್ವತಿ, "ಬಾರಮ್ಮ, ಶುರುವಾಯ್ತು ನಿಂದು" ಅಂತ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಎಳೆದಳೇ ಹೊರತು ಬಯ್ಯಲಿಲ್ಲ. ಅವಳು ಹುಟ್ಟಿದ ವರ್ಷದ ಕತೆ ಅವಳಿಗೆ ಗೊತ್ತು. ಅವಳಿಗೆ ಗೊತ್ತಿರುವುದೂ ನನ್ನ ಬಾಯಿಂದ ಕೇಳಿದ್ದೇ. ಹಾಗಾಗಿ ಇನ್ನೊಂದು ಸಲ ಹೇಳಿದರೆ ಯಾರಿಗೂ ನಷ್ಟವಿಲ್ಲ.

ಭದ್ರಾವತಿಯಿಂದ ಹೊಳೆಹೊನ್ನೂರಿನ ಕಡೆಗೆ ಹೋಗುವಾಗ, ಭದ್ರಾ ಹೊಳೆ ಸೊಂಟ ತಿರುಗಿಸಿದ ಹಾಗೆ ಒಂದು ಕಡೆ ತಿರುಗುತ್ತದೆ. ಆ ತಿರುವಿನಲ್ಲಿ ನಮ್ಮ ಊರು. ಆಗಿನ್ನೂ ಹೊಳೆಗೆ ಅಣೆಕಟ್ಟು ಇರಲಿಲ್ಲ, ಮಹಾರಾಜರ ಕಾಲ. ನನ್ನ ಗಂಡ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ ಗೌರಮ್ಮ, ಮಾವ ಮತ್ತು ನಾನು. ತಾಯಿಯಿಲ್ಲದ ನನಗೆ ತವರೂ ಅದೇ, ಗಂಡನ ಮನೆಯೂ ಅದೇ.

ಊರಿಗೆ ಕುಡಿಯುವ ನೀರಿಗೆ ಅಂತ ಇದ್ದದ್ದು ಒಂದೇ ಬಾವಿ. ಹೊಳೆ ದಂಡೆಯ ಮೇಲೆ, ಕಲ್ಲು ಕಟ್ಟಿದ ಬಾವಿ. ಬೇರೆ ಕಡೆ ಎಲ್ಲಿ ಅಗೆದರೂ ಚೌಳು ನೀರು, ಬಾಯಿಗಿಡುವ ಹಾಗಿಲ್ಲ. ಅದಕ್ಕೂ ಮುಂಚೆ ಇನ್ನೊಂದು ಬಾವಿ ಇತ್ತಂತೆ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಒಂದು ಮಳೆಗಾಲದಲ್ಲಿ ಹೊಳೆ ದಂಡೆ ಕೊರೆದು ಕೊರೆದು ಆ ಬಾವಿಯನ್ನು ಇಡಿಯಾಗಿ ನುಂಗಿಬಿಟ್ಟಿತಂತೆ. ಆ ವರ್ಷ ಊರೆಲ್ಲ ಕೆಂಪು ಹೊಳೆ ನೀರನ್ನೇ ಸೋಸಿ ಕುಡಿಯಿತು. ವಾಂತಿಭೇದಿ ಬಂತು. ಅತ್ತೆಯ ಮೊದಲ ಮಗಳು, ಆಡಿಕೊಂಡಿದ್ದ ಮಗು, ಹಾಗೇ ಹೋಯಿತು. ಅವಳ ಹೆಸರೂ ಪಾರ್ವತಿ. ಆ ಹೆಸರು ಅತ್ತೆಯ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಮಾವ ಒಮ್ಮೆ, ಅತ್ತೆ ಕೊಟ್ಟಿಗೆಯಲ್ಲಿದ್ದಾಗ, ದನಿ ತಗ್ಗಿಸಿ ನನಗೆ ಹೇಳಿದ್ದರು.

ನಾನು ಹೇಳುತ್ತಿರುವ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಬಾವಿ ಮತ್ತು ಹೊಳೆಯ ನಡುವೆ ಉಳಿದದ್ದು ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ. ಉಳಿದ ದಂಡೆಯೆಲ್ಲ ಕತ್ತಿಯಲ್ಲಿ ಕೊಯ್ದ ಹಾಗೆ ನೆಟ್ಟಗೆ ಕುಸಿದು ನಿಂತಿತ್ತು. ನೀರು ಸೇದಲು ಹೋದರೆ ಎದೆ ಢವಢವ ಅನ್ನುತ್ತಿತ್ತು. ಮುಂದಿನ ಮಳೆಗಾಲಕ್ಕೆ ಈ ಬಾವಿಯೂ ಹೋಗುತ್ತದೆ ಅಂತ ಊರೇ ತೀರ್ಮಾನ ಮಾಡಿ ಕೂತಿತ್ತು. ಅದೇ ಹೊತ್ತಿಗೆ ನನಗೆ ಗರ್ಭ ನಿಂತಿತು. ಲೆಕ್ಕ ಹಾಕಿದರೆ ಹೆರಿಗೆ ಬರುವುದು ಸರಿಯಾಗಿ ಮಳೆ ಹನಿ ಕಡಿಯದೆ ಹೊಯ್ಯುವ ಕಾಲಕ್ಕೆ.

ಅತ್ತೆ ಖುಷಿಪಡಲಿಲ್ಲ. ಹೆದರಿದರು. "ಈ ಮಗೂಗೆ ಹೊಳೆ ನೀರು ಕುಡಿಸಲ್ಲ ನಾನು. ಪ್ರಾಣ ಹೋದ್ರೂ ಕುಡಿಸಲ್ಲ" ಅಂದರು. ನನ್ನ ಗಂಡ, "ಅಷ್ಟೇ ತಾನೆ, ಎಲ್ರೂ ಭದ್ರಾವತಿಗೆ ಬಂದ್ಬಿಡಿ, ಅಲ್ಲಿ ನಲ್ಲಿ ಇದೆ" ಅಂತ ಸುಲಭವಾಗಿ ಹೇಳಿದರು. "ಊರಿನ ಮಕ್ಕಳನ್ನೆಲ್ಲಾ ಸೈಕಲ್ ಮೇಲೆ ಕೂರಿಸಿಕೊಂಡು ಹೋಗ್ತೀಯೇನೋ?" ಅಂತ ಅತ್ತೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಸರ್ಕಾರದ ಓವರ್ಸಿಯರ್ ಒಬ್ಬರು ಕೊಡೆ ಹಿಡಿದುಕೊಂಡು ಬಂದು ನೋಡಿದರು. ಒಳ್ಳೆಯ ಮನುಷ್ಯ. ಕಲ್ಲಿನ ಗೋಡೆ ಕಟ್ಟಿಸಬೇಕು, ಮೇಲಿನವರಿಗೆ ತಿಳಿಸುತ್ತೇನೆ, ಆದರೆ ಬೇಗ ಆಗುತ್ತದೆ ಅಂತ ಸುಳ್ಳು ಹೇಳಲಾರೆ ಅಂದರು. ಅತ್ತೆ ಆಗಲೇ ಬಾಯಿ ತೆರೆದದ್ದು. ಅತ್ತೆಯ ತವರಿನಲ್ಲಿ ಕೆರೆ ಏರಿಯ ಮೇಲೆ ಲಾವಂಚ ನೆಡುತ್ತಿದ್ದರಂತೆ. ಮೇಲೆ ನೋಡಿದರೆ ಬರೀ ಹುಲ್ಲು; ಕೆಳಗೆ ಬೇರು ಆಳುದ್ದ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ. "ಕಲ್ಲು ಬರೋ ತನಕ ಹುಲ್ಲು ಕಟ್ಟಬಹುದಾ ಸ್ವಾಮಿ?" ಅಂತ ಕೇಳಿದರು. ಓವರ್ಸಿಯರ್ ಸ್ವಲ್ಪ ಯೋಚಿಸಿ, "ಆಗುತ್ತೆ ಕಣಮ್ಮ. ಆದ್ರೆ ನೆಟ್ಟಗಿರೋ ದಂಡೆ ಮೇಲೆ ಯಾವ ಬೇರೂ ನಿಲ್ಲಲ್ಲ. ಮೊದಲು ಇಳಿಜಾರಾಗಿ ಕೆತ್ತಿ, ಅಡ್ಡಕ್ಕೆ ಸಾಲು ನೆಡಿ" ಅಂದರು. ಇಬ್ಬರದೂ ಸೇರಿ ಒಂದು ಉಪಾಯವಾಯಿತು.

ಅನುರಾಧಾ ಮಳೆಯ ಹೊತ್ತಿಗೆ ಕೆಲಸ ಶುರು. ಗಂಡಸರು ದಂಡೆ ಕೆತ್ತಿ ಇಳಿಜಾರು ಮಾಡಿದರು. ಅತ್ತೆಯ ತವರಿನಿಂದ ಗಾಡಿಯಲ್ಲಿ ಲಾವಂಚದ ಬುಡಗಳು ಬಂದವು. ಹೆಂಗಸರು ಕೂತು ಬುಡ ಸೀಳಿ, ತಲೆ ಕತ್ತರಿಸಿ, ಗೇಣಿಗೊಂದು ನೆಟ್ಟೆವು. ನೀರಿನ ಅಂಚಿಗೆ ಲಕ್ಕಿ ಗಿಡದ ಗೂಟ, ಅದರ ಮೇಲೆ ಲಾವಂಚದ ಸಾಲುಗಳು, ಕೊನೆಯ ಸಾಲು ಬಾವಿಕಟ್ಟೆಯ ಮಗ್ಗುಲಿಗೇ. ನನ್ನನ್ನು ಬಗ್ಗಲು ಬಿಡಲಿಲ್ಲ. ಮೇಲೆ ಕೂತು ಬುಡ ಸೀಳುವ ಕೆಲಸ ನನ್ನದು. ಪಕ್ಕದ ಮನೆ ಪುಟ್ಟಮ್ಮ, "ಬಸುರಿ ಕೈ, ಚೆನ್ನಾಗಿ ಚಿಗುರುತ್ತೆ ಬಿಡು" ಅಂತ ರೇಗಿಸುತ್ತಾ ಬುಟ್ಟಿ ಹೊರುತ್ತಿದ್ದಳು. ಆ ದಿನಗಳಲ್ಲಿ ನಕ್ಕಷ್ಟು ನಾನು ಆಮೇಲೆ ನಗಲಿಲ್ಲ ಅನ್ನಿಸುತ್ತದೆ.

ಚಿಗುರೇನೋ ಬಂತು, ಅದರ ಹಿಂದೆ ದನವೂ ಬಂತು. ಎಳೆ ಹುಲ್ಲು ಕಂಡರೆ ದನ ಬಿಡುತ್ತದೆಯೇ? ಊರ ದನ ಕಾಯುತ್ತಿದ್ದವರು ಕೆಳಗಿನ ಕೇರಿಯವರು. ಅವರಿಗೆ ಬಾವಿ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಸೇದಿ ಕೊಡಕ್ಕೆ ಸುರಿಯುವ ತನಕ ದೂರ ನಿಂತು ಕಾಯಬೇಕಿತ್ತು. ಅಂಥ ಕಾಲ ಅದು. ಮುಚ್ಚಿಟ್ಟು ಏನು ಮಾಡಲಿ? ಆ ಕೇರಿಯ ದುರ್ಗಮ್ಮ ನಮ್ಮೂರಿನ ಸೂಲಗಿತ್ತಿ. ನನ್ನ ಗಂಡ ಹುಟ್ಟುವಾಗ ಹಿಡಿದದ್ದೂ ಅವಳೇ. ದನ ಆ ಕಡೆ ಬಿಡಬೇಡಿ ಅಂತ ಹೇಳಲು ಅತ್ತೆ ಹೋದರೆ ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಳಂತೆ: "ಬಾವಿ ನಿಮ್ದು, ಕಾಯೋದು ನಾವಾ ಗೌರಮ್ಮೋರೇ?"

ಅತ್ತೆ ತಿರುಗಿ ಮನೆಗೆ ಬಂದರು. ಊಟ ಸೇರಲಿಲ್ಲ. ಕೊನೆಗೆ ಮಾವನ ಜೊತೆ, ಊರ ಹಿರಿಯರ ಜೊತೆ ಜಗಳಾಡಿ, ಬಾವಿಗೆ ಹೊಳೆ ಕಡೆಯಿಂದ ಇನ್ನೊಂದು ರಾಟೆ ಹಾಕಿಸಿದರು. ಕೆಳಗಿನ ಕೇರಿಯವರು ಇನ್ನು ಮೇಲೆ ತಾವೇ ಸೇದಿಕೊಳ್ಳಬಹುದು, ಆ ರಾಟೆಯಿಂದ. ಒಂದೇ ರಾಟೆ ಸಾಕು ಅನ್ನುವ ಧೈರ್ಯ ಅತ್ತೆಗೂ ಇರಲಿಲ್ಲ. ಅಷ್ಟಕ್ಕೇ ಊರಲ್ಲಿ ಗುಸುಗುಸು ಎದ್ದಿತ್ತು. ಆದರೆ ಆಮೇಲೆ ಒಂದು ದನವೂ ದಂಡೆಯ ಕಡೆ ಮೂತಿ ಹಾಕಲಿಲ್ಲ. ದುರ್ಗಮ್ಮ ತಾನೇ ಮುಂದೆ ನಿಂತು ಮುಳ್ಳಿನ ಬೇಲಿ ಕಟ್ಟಿಸಿದಳು.

ಬೇಸಿಗೆ ಬಂತು. ಆ ವರ್ಷ ಎಂಥ ಧಗೆ ಅಂತೀರಿ! ನನಗೆ ಹೊಟ್ಟೆ ಮುಂದೆ ಬಂದು, ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಒಂದು ಬೆಳಿಗ್ಗೆ ಅತ್ತೆ ಲಾವಂಚಕ್ಕೆ ನೀರು ಹಾಕಲು ಹೋದವರು ಕೊಡ ಅಲ್ಲೇ ಕುಕ್ಕರಿಸಿ ವಾಪಸು ಬಂದರು. ಮುಖ ಕಪ್ಪಿಟ್ಟಿತ್ತು.

"ಯಾರೋ ಬೇರು ಕೀಳ್ತಿದ್ದಾರೆ. ಸಾಲು ಸಾಲೇ ಸಡಿಲ ಆಗಿದೆ. ಬುಡ ಹಿಡಿದ್ರೆ ಕೈಗೇ ಬರುತ್ತೆ."

"ಹೊರಗಿನೋರು ಇರ್ಬೇಕು" ಅಂದರು ಮಾವ, ಜಗಲಿಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಾ. "ಪೇಟೆಗೆ ಮಾರೋಕೆ ಒಯ್ದಿರ್ತಾರೆ, ಮುಂಡೇಮಕ್ಕಳು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ ಮಾರಾಯ್ತಿ, ನಾಲ್ಕು ಮನೆಗೆ ಹೋಗಿ ಬರೋಣ" ಅಂತ ನನ್ನನ್ನೂ ಎಬ್ಬಿಸಿದರು.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಮನೆಗೆ ಯಾರೇ ಬರಲಿ, ಬಂದ ಕಾರಣ ಕೇಳುವುದಕ್ಕಿಂತ ಮೊದಲು ಬೆಲ್ಲ, ನೀರು ಮುಂದಿಡಬೇಕು. ಶತ್ರು ಬಂದರೂ ಇಡಬೇಕು. ಮೊದಲು ಪುಟ್ಟಮ್ಮನ ಮನೆ. ಬೆಲ್ಲ ಬಂತು, ಚೆಂಬಿನಲ್ಲಿ ನೀರು ಬಂತು. ಅತ್ತೆ ಬೆಲ್ಲ ಮುಟ್ಟಲಿಲ್ಲ. ಚೆಂಬು ಎತ್ತಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಚೆಂಬನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಘಮ್ಮೆನ್ನುವ ಲಾವಂಚ!

"ನೀರು ಬಹಳ ತಂಪಾಗಿದೆ ಕಣೇ ಪುಟ್ಟಮ್ಮ."

ಪುಟ್ಟಮ್ಮನ ಮುಖ ನೋಡಬೇಕಿತ್ತು. "ಒಂದೇ ಒಂದು ಹಿಡಿ ಅಕ್ಕಾ! ಸೆಖೆ ತಡೀಲಾರದೆ… ಒಂದು ಹಿಡಿ ಬೇರಿಗೆ ದಂಡೆ ಬಿದ್ದುಹೋಗುತ್ತಾ?"

ಅಲ್ಲಿಂದ ಆಚೆಮನೆ. ಬೆಲ್ಲ, ನೀರು, ಘಮ. "ಒಂದೇ ಒಂದು ಹಿಡಿ." ಅದರಾಚೆ ಮನೆ. "ಒಂದೇ ಒಂದು ಹಿಡಿ ಗೌರಕ್ಕ, ಮಗೂಗೆ ಸೆಖೆಬೊಕ್ಕೆ ಎದ್ದಿತ್ತು ಅಂತ." ಕೇರಿ ಪೂರ್ತಿ ಸುತ್ತಿದೆವು. ಒಂದು ಮನೆಯ ನೀರೂ ಸಪ್ಪೆ ಇರಲಿಲ್ಲ. ಯಾರೂ ಕಳ್ಳರಲ್ಲ ನೋಡಿ. ಎಲ್ಲರೂ ತಾವೇ ನೆಟ್ಟವರು, ತಾವೇ ನೀರು ಹಾಕಿದವರು. ನಾವೇ ನೆಟ್ಟದ್ದಲ್ಲವೇ ಅಂತ ಎಲ್ಲರೂ ಒಂದೊಂದು ಹಿಡಿ ಕಿತ್ತಿದ್ದರು. ಬಾವಿಯ ನೀರು ತಂಪಾಗಲಿ ಅಂತ ಬಾವಿಯ ಕಾವಲನ್ನೇ ಕಿತ್ತು ಅದರೊಳಗೆ ಹಾಕಿದ್ದರು. ನನಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ. ಅತ್ತೆ ಮಾತ್ರ ಕುದಿಯುತ್ತಿದ್ದರು.

ಅದೇ ಕೋಪದಲ್ಲಿ ಕೆಳಗಿನ ಕೇರಿಗೂ ನಡೆದರು. ದುರ್ಗಮ್ಮನ ಬಾಗಿಲಲ್ಲಿ ನಿಂತು, "ನಿಮ್ಮ ಕೇರಿಯೋರು ಲಾವಂಚ ಮುಟ್ಟಿದ್ದೀರಾ?" ಅಂತ ಕೇಳಿದರು.

ದುರ್ಗಮ್ಮ ನಿಧಾನವಾಗಿ ಎದ್ದಳು. "ಮ್ಯಾಲಿನ ಕೇರೀಲಿ ಹೆಂಗೆ ಕಂಡುಹಿಡಿದ್ರಿ?"

"ನೀರು ಕುಡಿದು."

"ಮತ್ತೆ ಇಲ್ಲಿ ಬಾಯಿ ಮಾತಲ್ಲೇ ಕೇಳ್ತೀರಲ್ಲ?"

ನನ್ನ ನಗು ನಿಂತುಹೋಯಿತು. ದುರ್ಗಮ್ಮ ಒಳಗೆ ಹೋಗಿ ಮಣ್ಣಿನ ಕುಡಿಕೆಯಲ್ಲಿ ನೀರು ತಂದಳು. "ನಿಮ್ಮನೆ ಮಕ್ಕಳನ್ನ ಹಿಡಿದ ಕೈ ಇದು. ನಾಳೆ ನಿಮ್ಮ ಸೊಸೆ ಕೂಸನ್ನೂ ಇದೇ ಕೈ ಹಿಡೀಬೇಕು. ಕುಡಿದು ಹೇಳಿ, ನಾವು ಕಿತ್ತಿದ್ದೀವೋ ಇಲ್ವೋ."

ಕೇರಿಯ ಮಕ್ಕಳೆಲ್ಲ ಬಂದು ಸುತ್ತ ನಿಂತಿದ್ದರು. ಅತ್ತೆ ಕೈ ಚಾಚಿ ಕುಡಿಕೆ ತೆಗೆದುಕೊಂಡರು. ಮೇಲಿಂದ ಎತ್ತಿ ಹೊಯ್ದುಕೊಳ್ಳಲಿಲ್ಲ, ತುಟಿಗೆ ಇಟ್ಟೇ ಕುಡಿದರು. ಪೂರ್ತಿ ಕುಡಿದರು. ಆಮೇಲೆ ದುರ್ಗಮ್ಮನ ಮುಖ ನೋಡಿದರು.

"ಘಮ್ಮಂತಿದೆಯಲ್ಲೇ, ಮಾರಾಯ್ತಿ!"

"ಒಂದೇ ಒಂದು ಹಿಡಿ, ಅಮ್ಮೋರೇ" ಅಂದಳು ದುರ್ಗಮ್ಮ. "ನಮಗೂ ಸೆಖೆ ಆಗಲ್ವಾ?"

ಅತ್ತೆಗೆ ನಗು ಬಂತು. ಬೆಳಗಿನಿಂದ ಕಟ್ಟಿಟ್ಟಿದ್ದದ್ದೆಲ್ಲ ಒಡೆದು ಬಂತು. ದುರ್ಗಮ್ಮನೂ ನಕ್ಕಳು. ಇಬ್ಬರೂ ಬಾಗಿಲ ಕಲ್ಲಿನ ಮೇಲೆ ಕೂತು ಕಣ್ಣೀರು ಬರುವ ತನಕ ನಕ್ಕರು. ನಾನು ಹೊಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

ಮನೆಗೆ ಬಂದಾಗ ಮಾವ ಅದೇ ಜಗಲಿಯ ಮೇಲಿದ್ದರು. "ಸಿಕ್ಕಿದ್ನಾ ಕಳ್ಳ?" ಅಂದರು. ಅತ್ತೆಗೆ ಅದೇನು ಹೊಳೆಯಿತೋ, ಮಾವನ ತಲೆದಿಂಬಿನ ಹತ್ತಿರ ಒದ್ದೆ ಬಟ್ಟೆ ಸುತ್ತಿಟ್ಟಿದ್ದ ಹೂಜಿಯನ್ನು ಎತ್ತಿ ಮೂಸಿದರು.

"ಏನ್ರೀ ಇದು!"

"ಒಂದೇ ಒಂದು ಹಿಡಿ ಕಣೇ…"

"ಊರೆಲ್ಲಾ ಸುತ್ತಿ ಬಂದೆ, ಮನೆ ಜಗಲಿ ಮೇಲೇ ಕೂತಿದ್ದೀರಲ್ರೀ!"

ಮಾವನಿಗೆ ಆ ದಿನ ಮಜ್ಜಿಗೆ ಸಿಗಲಿಲ್ಲ. ಸಂಜೆ ಊರವರೆಲ್ಲ ದಂಡೆಗೆ ಬಂದರು, ತಲೆ ತಗ್ಗಿಸಿಕೊಂಡು. ಸಡಿಲವಾದ ಬುಡಗಳನ್ನು ಮತ್ತೆ ಕೂರಿಸಿ, ಮಣ್ಣು ತುಳಿದು ಗಟ್ಟಿ ಮಾಡಿದೆವು. ಒಂದೊಂದು ಮನೆಗೆ ಒಂದೊಂದು ತುಂಡು ಸಾಲು ಅಂತ ಹಂಚಿಕೊಂಡೆವು. ಅವರವರ ತುಂಡು ಕುಸಿದರೆ ಅವರವರದೇ ಹೊಣೆ. ಕೊನೆಗೆ ಎರಡೂ ಕೇರಿಯ ಹೆಂಗಸರು ಬಾವಿಕಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆವು: ಇನ್ನು ಲಾವಂಚ ಹಾಕಿದ ನೀರು ಕುಡಿಯುವುದಿಲ್ಲ. ದುರ್ಗಮ್ಮನ ಮನೆಯಲ್ಲಿ ನೀರು ಕುಡಿದದ್ದಕ್ಕೆ ಕೆಲವರು ಅತ್ತೆಯನ್ನು ಮದುವೆ ಮನೆಗಳಿಗೆ ಕರೆಯುವುದು ಬಿಟ್ಟರು. "ಒಳ್ಳೇದೇ ಆಯ್ತು, ಒಬ್ಬಟ್ಟು ತಿಂದ್ರೆ ನಂಗೆ ಹೊಟ್ಟೆ ಉಬ್ಬರ" ಅಂದರು ಅತ್ತೆ.

ಆಮೇಲೆ ಮಳೆ. ಆರಿದ್ರೆ ಹದವಾಗಿ ಹೊಯ್ಯಿತು, ಪುನರ್ವಸು ಜೋರಾಯಿತು, ಪುಷ್ಯ ಬಂದಾಗ ಒಂದು ಬೆಳಿಗ್ಗೆ ಹೊಳೆ ಮೈದುಂಬಿ ಮೇಲಕ್ಕೆ ಏರಿತು. ನನಗೆ ನೋವು ಕಾಣಿಸಿಕೊಂಡದ್ದೂ ಆ ಬೆಳಿಗ್ಗೆಯೇ. ಒಳಗೆ ದುರ್ಗಮ್ಮ ನನ್ನ ಜೊತೆ. ಅತ್ತೆ ಒಂದು ಕ್ಷಣ ನನ್ನ ಹತ್ತಿರ, ಒಂದು ಕ್ಷಣ ಬಾಗಿಲಲ್ಲಿ. ಪುಟ್ಟಮ್ಮ ಮಳೆಗೆ ಗೊರಬು ಹೊದ್ದುಕೊಂಡು ದಂಡೆಗೂ ನಮ್ಮ ಮನೆಗೂ ಓಡಾಡುತ್ತಾ ಕಿಟಕಿಯ ಹೊರಗಿಂದ ವರದಿ ಒಪ್ಪಿಸುತ್ತಿದ್ದಳು.

"ಅಕ್ಕಾ, ಲಕ್ಕಿ ಗೂಟ ಮುಳುಗಿತು!" ನಾನು ಕಿರುಚಿದೆ.

"ಅಕ್ಕಾ, ಮೊದಲನೇ ಸಾಲೂ ಮುಳುಗಿತು!" ನಾನು ಮತ್ತೆ ಕಿರುಚಿದೆ.

"ಏ ಪುಟ್ಟಮ್ಮ, ನೀನು ಬಾಯಿ ಮುಚ್ಚಿದ್ರೆ ಇವಳು ಹೆರ್ತಾಳೆ!" ಅಂತ ದುರ್ಗಮ್ಮ ಗದರಿದಳು. ಹೊರಗೆ ಧೊಪ್ಪೆಂದು ಏನೋ ಬಿದ್ದ ಸದ್ದಾಯಿತು. ಅತ್ತೆ ಗೋಡೆ ಹಿಡಿದುಕೊಂಡು ಕುಸಿದು ಕೂತರು. ಬಾವಿ ಹೋಯಿತು ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆ ಗಳಿಗೆಯಲ್ಲೇ ಮಗು ಅತ್ತಿತು.

ಬಿದ್ದದ್ದು ಬಾವಿಯಲ್ಲ, ಆಚೆ ದಡದ ಒಂದು ಮತ್ತಿ ಮರ. ಪುಟ್ಟಮ್ಮ ಬಂದು ಹೇಳುವ ತನಕ ಅತ್ತೆ ಮಗುವಿನ ಮುಖ ಕೂಡ ನೋಡಿರಲಿಲ್ಲ. ಹೊಳೆ ಆಮೇಲೂ ಎರಡು ಸಾಲು ಮುಚ್ಚಿತು, ಬಾವಿಕಟ್ಟೆಯ ಬುಡ ನೆಕ್ಕಿತು, ಹಾಗೇ ಹಿಂದಕ್ಕೆ ಸರಿಯಿತು. ನೀರು ಇಳಿದ ಮೇಲೆ ಊರೇ ಹೋಗಿ ನೋಡಿತಂತೆ. ಲಾವಂಚವೆಲ್ಲ ಕೆಸರು ಮೆತ್ತಿಕೊಂಡು ಮಲಗಿತ್ತು, ಆದರೆ ದಂಡೆ ಕರಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಮಣ್ಣು ಕೊಚ್ಚಿ ಬೇರು ಹೊರಗೆ ಕಾಣುತ್ತಿತ್ತಂತೆ. ದಂಡೆ ಉದ್ದಕ್ಕೂ ಅದೇ ಘಮ. ಅತ್ತೆ ಬಾವಿಯಿಂದ ಒಂದು ಕೊಡ ತಿಳಿನೀರು ಸೇದಿ ತಂದು, ಕಾಯಿಸಿ, ಮಗುವಿಗೆ ಎರೆದರು.

ಹೆಸರಿಡುವ ದಿನ ಮಾವ ಪಾರ್ವತಿ ಅಂತಲೇ ಆಗಬೇಕೆಂದು ಹಟ ಹಿಡಿದರು. ಅತ್ತೆ ಬೇಡವೆನ್ನಲಿಲ್ಲ. ಆದರೆ ಕೂಸನ್ನು ಪುಟ್ಟಿ ಅಂತ ಕರೆದರು, ಬಂಗಾರಿ ಅಂತ ಕರೆದರು, ಮುಂಡೇದೆ ಅಂತಲೂ ಕರೆದರು. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ.

ಮರು ಬೇಸಿಗೆ. ಮಗು ಅಂಬೆಗಾಲಿಡುತ್ತಾ ಮನೆಯೆಲ್ಲ ಗುಡಿಸುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಬಿಸಿಲಿಂದ ಬಂದು ಚೆಂಬು ಎತ್ತಿ ನೀರು ಕುಡಿದರು. ಚೆಂಬು ಕೆಳಗಿಟ್ಟರು. ಮಾವನ ಕಡೆ ತಿರುಗಿದರು.

"ಮತ್ತೆ ಕಿತ್ತಿರಾ?"

"ನಾನಲ್ಲ ಕಣೇ! ಶಿವನಾಣೆ ನಾನಲ್ಲ!" ಮಾವ ಹೂಜಿಯನ್ನು ತಲೆಕೆಳಗು ಮಾಡಿ ತೋರಿಸಿದರು, ಜಗಲಿಯೆಲ್ಲ ನೀರಾಯಿತು. ನಾನು ಚೆಂಬು ಮೂಸಿದೆ. ಹೌದು, ಲಾವಂಚ. ಅತ್ತೆಯ ಕಣ್ಣು ನನ್ನ ಕಡೆ ತಿರುಗಿತು. ನಾನು ಬಾಯಿ ಬಿಡುವಷ್ಟರಲ್ಲಿ ಪುಟ್ಟಮ್ಮ ಅಂಗಳದಲ್ಲಿ ಪ್ರತ್ಯಕ್ಷ. "ಅಕ್ಕಾ, ನಮ್ಮನೇಲಿ ಯಾರೋ ನೀರಿಗೆ ಬೇರು ಹಾಕಿದ್ದಾರೆ. ನಾನಂತೂ ಅಲ್ಲ, ಈಗ್ಲೇ ಹೇಳಿರ್ತೀನಿ!" ಹಿಂದೆಯೇ ದುರ್ಗಮ್ಮ: "ಗೌರಮ್ಮೋರೇ, ನಮ್ಮ ಕೊಡ ಘಮ ಅಂತೈತೆ. ನಾನು ಮುಟ್ಟಿಲ್ಲ."

ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಾ ಎಲ್ಲರೂ ದಂಡೆಗೆ ಹೋದೆವು. ನಾನು ಮಗುವನ್ನು ಸೊಂಟದಲ್ಲಿ ಹೊತ್ತಿದ್ದೆ. ಸಾಲುಗಳು ಎದೆಯುದ್ದ ಬೆಳೆದು ಒತ್ತೊತ್ತಾಗಿ ನಿಂತಿದ್ದವು. ಒಂದು ಬುಡವೂ ಅಲುಗಿರಲಿಲ್ಲ. ದುರ್ಗಮ್ಮ ತನ್ನ ರಾಟೆಯ ಕಡೆಯಿಂದ ಬಾವಿಯೊಳಗೆ ಬಗ್ಗಿ ನೋಡಿದಳು. "ಒಂದು ಕನ್ನಡಿ ತರ್ರೇ ಯಾರಾದ್ರೂ" ಅಂದಳು. ಪುಟ್ಟಮ್ಮ ಓಡಿ ಹೋಗಿ ತಂದಳು. ದುರ್ಗಮ್ಮ ಕನ್ನಡಿಗೆ ಬಿಸಿಲು ಹಿಡಿದು ಬೆಳಕನ್ನು ಬಾವಿಯೊಳಕ್ಕೆ ಬಿಟ್ಟಳು.

ಹೊಳೆ ಕಡೆಯ ಕಲ್ಲುಗಳ ಸಂದಿಯಿಂದ ಬೇರುಗಳು ಇಣುಕಿದ್ದವು. ನಸು ಹಳದಿ ಬಣ್ಣದ, ಕೂದಲಿನಷ್ಟು ಸಣ್ಣ ಬೇರು. ದಂಡೆಯೊಳಗೇ ನುಸುಳಿ, ಕಲ್ಲು ದಾಟಿ, ಇಳಿದು ಇಳಿದು ನೀರಿಗೆ ತುದಿ ಅದ್ದಿಕೊಂಡು ನಿಂತಿದ್ದವು. ಯಾರೂ ಕೀಳದೆ, ಯಾರೂ ಹಾಕದೆ, ಊರಿನ ಅಷ್ಟೂ ಮನೆಗಳ ನೀರಿಗೆ ಅದೇ ಘಮ ಬಿಟ್ಟಿತ್ತು.

ಅತ್ತೆ ಮೇಲಿನ ಕೇರಿಯ ರಾಟೆಯ ಕಡೆ ಹೋಗಲಿಲ್ಲ. ಹತ್ತಿರವೇ ಇತ್ತು ಅಂತಲೋ ಏನೋ, ದುರ್ಗಮ್ಮನ ರಾಟೆಯಿಂದಲೇ ಒಂದು ಕೊಡ ಸೇದಿದರು. ಕಟ್ಟೆಯ ಮೇಲೆ ಕೂತರು. ನನ್ನ ಸೊಂಟದಿಂದ ಮಗುವನ್ನು ತೆಗೆದು ತೊಡೆಯ ಮೇಲೆ ಕೂರಿಸಿಕೊಂಡು, ಬೊಗಸೆಯಲ್ಲಿ ನೀರು ಹಿಡಿದು ಅದರ ಬಾಯಿಯ ಹತ್ತಿರ ತಂದರು.

"ಕುಡಿ ಪಾರೂ" ಅಂದರು. "ಕುಡಿ ನನ್ನವ್ವಾ, ಈ ನೀರಿಂದ ಏನೂ ಆಗಲ್ಲ."

ಮಗು ಅಷ್ಟೂ ಕುಡಿದು, ಇನ್ನೂ ಬೇಕು ಅಂತ ಬಾಯಿ ತೆರೆಯಿತು.